ಅದಿತಿ ಅಶೋಕ್ ಅವರ ದಾಖಲೆಯನ್ನು ನಾನು ಲೆಡ್ಜರಿಗೆ ಇಳಿಸಿದ ಬಗೆ

ದೊಮ್ಮಲೂರಿನಲ್ಲಿ ಬೆಳಗಿನ ಗಾಲ್ಫ್ ಆಟ ಮುಗಿಸಿ ಕಾಫಿಗೆ ಕೂರುವ ನಾವು ನಾಲ್ವರು. ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ದಾಖಲೆಯನ್ನು ಗೆಲುವಿನ ಪಟ್ಟಿಯಾಗಿ ಅಲ್ಲ, ದಿನಕ್ಕೊಂದರಂತೆ ಆಡುವ ಸುತ್ತು ಸುತ್ತಾಗಿ ಬರೆದಿಡುತ್ತೇನೆಂದಾಗ ಉಳಿದ ಮೂವರೂ ನಕ್ಕಿದ್ದರು. “ಯುರೋಪಿನ ಮಹಿಳಾ ಟೂರ್‌ನಲ್ಲಿ ಗೆದ್ದದ್ದು ಐದು ಪಂದ್ಯ, ಅರ್ಧ ಹಾಳೆ ಸಾಕು, ಲೆಡ್ಜರ್ ಏಕೆ ಸ್ವಾಮಿ?” ಎಂದರು ಹಿರಿಯರು.

ಅವರ ಮಾತಿನಂತೆಯೇ ಮೊದಲು ಮಾಡಿ ನೋಡಿದೆ. 2016ರಲ್ಲಿ ಗುರುಗ್ರಾಮದ ಇಂಡಿಯನ್ ಓಪನ್, ಎರಡೇ ವಾರದಲ್ಲಿ ಕತಾರ್, 2017ರಲ್ಲಿ ಅಬುಧಾಬಿ, 2023ರಲ್ಲಿ ಕೀನ್ಯಾ ಮತ್ತು ಸ್ಪೇನ್. ಹೀಗೆ ಬರೆದರೆ ನಡುವಿನ ಐದು ವರ್ಷ ಬರಿದಾಗಿ, ಆಟವೇ ನಿಂತಿತ್ತೇನೋ ಎಂಬಂತೆ ಕಾಣುತ್ತದೆ. ಅವರ ಅತ್ಯುತ್ತಮ ನಾಲ್ಕು ದಿನಗಳಿರುವುದು ಆ ಖಾಲಿ ಜಾಗದಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಸಲ ಬಹುಮಾನದ ಹಣವನ್ನು ಆಧಾರವಾಗಿಟ್ಟುಕೊಂಡು, ಯೂರೊ ಮತ್ತು ಡಾಲರನ್ನು ರೂಪಾಯಿಗೆ ತಿರುಗಿಸುವುದರಲ್ಲಿ ನಾಲ್ಕು ತಿಂಗಳು ಕಳೆದೆ. ವಿನಿಮಯ ದರ ಬದಲಾದಂತೆಲ್ಲ ಹಳೆಯ ಗೆಲುವಿನ ಬೆಲೆಯೂ ಬದಲಾಯಿತು. ಅದಕ್ಕಿಂತ ಹೆಚ್ಚಾಗಿ, ಬಹುಮಾನದ ಮೊತ್ತವೇ ಇಲ್ಲದ ಒಲಿಂಪಿಕ್ಸ್ ನನ್ನ ಲೆಕ್ಕದಲ್ಲಿ ಸೊನ್ನೆಯಾಗಿ ಕುಳಿತಿತ್ತು. ಹಳೆಯ ಪತ್ರಿಕೆ, ಪ್ರಿಂಟು, ಅವೆನ್ಯೂ ರಸ್ತೆಯ ಎರಡು ರಟ್ಟಿನ ಲೆಡ್ಜರು ಎಂದು ಆರೇಳು ಸಾವಿರ ರೂಪಾಯಿ ಆಗಲೇ ಕೈಬಿಟ್ಟಿತ್ತು. ಟೈಪು ಮಾಡಲು ಕೊಟ್ಟಿದ್ದ ಹುಡುಗ ಜಂಟಿ ಸ್ಥಾನಗಳನ್ನೆಲ್ಲ ಒಂಟಿಯಾಗಿಸಿದ್ದರಿಂದ ಆ ಹಾಳೆಗಳೂ ದಂಡವಾದವು.

ಮೂರನೆಯ ಸಲ ಸಾಲಿಗೊಂದು ಪಂದ್ಯ, ಅಂಕಣಕ್ಕೊಂದು ಸುತ್ತು ಎಂದು ಗೆರೆ ಎಳೆದೆ. ಆ ಅತ್ಯುತ್ತಮ ನಾಲ್ಕು ದಿನಗಳ, ಅಂದರೆ ಟೋಕಿಯೊ ಒಲಿಂಪಿಕ್ಸ್‌ನ ಸಾಲು 67, 66, 68, 68, ಒಟ್ಟು 269 ಹೊಡೆತ. ಅಂಗಳದ ಪಾರ್, ಅಂದರೆ ಒಂದು ಸುತ್ತಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ, 71 ಆದ್ದರಿಂದ ನಾಲ್ಕು ಸುತ್ತಿಗೆ 284. ಕಳೆದರೆ ಪಾರ್‌ಗಿಂತ 15 ಕಡಿಮೆ; ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಮೇಲು. ಕಂಚು ಗೆದ್ದ ಲಿಡಿಯಾ ಕೊ ಅವರದು 16 ಕಡಿಮೆ. ಈ ಕೂಡು-ಕಳೆಯುವಿಕೆ ಹೊಂದದ ಸಾಲನ್ನು ನಾನು ಶಾಯಿಯಲ್ಲಿ ಬರೆಯುವುದಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನ 68, 68, 79, 76 ಕೂಡಿದರೆ 291, ಅಂದರೆ ಪಾರ್‌ಗಿಂತ ಏಳು ಹೆಚ್ಚು, ಜಂಟಿ 41ನೇ ಸ್ಥಾನ. ಮೊತ್ತ ಸಮವಾದಾಗ ಗೆದ್ದವರನ್ನು ನಿರ್ಧರಿಸಲು ಮುಂದುವರಿಸಿ ಆಡುವ ಪ್ಲೇಆಫ್‌ನ ಹೊಡೆತಗಳನ್ನು ಮಾತ್ರ ಮೊತ್ತಕ್ಕೆ ಸೇರಿಸಬಾರದು. 2023ರ ಲಾಸ್ ಏಂಜಲೀಸ್ ಪಂದ್ಯವನ್ನು ಹ್ಯಾನಾ ಗ್ರೀನ್ ಅವರಿಗೆ ಪ್ಲೇಆಫ್‌ನಲ್ಲಿ ಬಿಟ್ಟುಕೊಟ್ಟ ಸಾಲಿನಲ್ಲಿ ನಾನು ಎಡವಿದ್ದು ಅಲ್ಲಿಯೇ.

ಇನ್ನೊಂದು ಎಡವಟ್ಟು ವರ್ಷದ್ದು. ಟೋಕಿಯೊ 2020 ನಡೆದದ್ದು 2021ರಲ್ಲಿ, 2022ರ ಏಷ್ಯನ್ ಕ್ರೀಡಾಕೂಟ ಹಾಂಗ್‌ಝೌನಲ್ಲಿ ನಡೆದದ್ದು 2023ರಲ್ಲಿ. ಕೂಟದ ಹೆಸರನ್ನು ನಂಬಿ ಬರೆದಾಗ ಹಾಂಗ್‌ಝೌನಲ್ಲಿ ಅವರು ಗೆದ್ದ ಬೆಳ್ಳಿ ಪದಕ ಕೀನ್ಯಾದ ಒಂಬತ್ತು ಹೊಡೆತಗಳ ಗೆಲುವಿಗಿಂತ ಮೊದಲು ಬಂದು ಕುಳಿತಿತ್ತು. ಚೆಂಡು ಹೊಡೆದ ದಿನಾಂಕವನ್ನೇ ಹಿಡಿದಾಗ ಕಂಡದ್ದು ಬೇರೆಯೇ: ಹಾಂಗ್‌ಝೌನಲ್ಲಿ 67, 66, 61 ಆಡಿ ಏಳು ಹೊಡೆತಗಳ ಮುನ್ನಡೆಯಲ್ಲಿದ್ದವರು ಕೊನೆಯ ದಿನ 77 ಹೊಡೆದು ಚಿನ್ನ ಕಳೆದುಕೊಂಡರು, ಎರಡು ತಿಂಗಳೊಳಗೆ ಸ್ಪೇನಿನಲ್ಲಿ ಗೆದ್ದರು. ಗೆಲುವಿನ ಪಟ್ಟಿಯಲ್ಲಿ ಈ ಎರಡು ಸಾಲು ಎಂದೂ ಅಕ್ಕಪಕ್ಕ ಬರುತ್ತಿರಲಿಲ್ಲ.

ನಡುವೆ ಕ್ಯಾಡಿಯ, ಅಂದರೆ ಆಟಗಾರರ ಬ್ಯಾಗ್ ಹೊತ್ತು ನೆರವಾಗುವವರ, ಅಂಕಣವೊಂದನ್ನೂ ಹಾಕಿ ನೋಡಿದ್ದುಂಟು. ರಿಯೊದಲ್ಲಿ ತಂದೆ, ಟೋಕಿಯೊದಲ್ಲಿ ತಾಯಿ ಬ್ಯಾಗ್ ಹೊತ್ತಿದ್ದರು. ಆದರೆ ಎರಡು ಸಾಲಿನಿಂದ ಯಾವ ತೀರ್ಮಾನಕ್ಕೂ ಬರಲಾಗದೆ ಅದನ್ನು ಅಳಿಸಿದೆ. ಆ ಜಾಗದಲ್ಲಿ ಈಗ ಪೆನ್ಸಿಲಿನಲ್ಲಿ ಬರೆಯುವ ಬೇರೊಂದು ಅಂಕಿಯಿದೆ. ಕೊನೆಯ ಸುತ್ತು ಕೈಕೊಡುವ ಸೂಚನೆ ಅದರಲ್ಲಿ ಮೂರನೆಯ ದಿನವೇ ಸಿಗುತ್ತದೆಂದು ಹೇಳಿದರೆ ಸಾಕು.

ಕಳೆದ ತಿಂಗಳು ಹಿರಿಯರೇ ಲೆಡ್ಜರಿನ ಪ್ರತಿ ಕೇಳಿದರು. ಆ ಒಂದು ಅಂಕಣದ ಮೇಲೆ ಬಿಳಿ ಹಾಳೆ ಇಟ್ಟು ಜೆರಾಕ್ಸ್ ಮಾಡಿಸಿ ಕೊಟ್ಟೆ. ಕಾಫಿಯ ಬಿಲ್ ಅಂದು ಅವರೇ ಕೊಟ್ಟರು.