ಹಿರಿಯರ ಆರೈಕೆಗೂ ಹಣ, ಮನೆಯೂ ಭದ್ರ: ಮೊದಲೇ ಮಾಡಿಡಬೇಕಾದ ಕೆಲಸಗಳು

ಪಾರ್ಶ್ವವಾಯು ಅಥವಾ ಮರೆವಿನ ಕಾಯಿಲೆ ಬಂದವರ ಆರೈಕೆ ವರ್ಷಗಟ್ಟಲೆ ನಡೆಯುತ್ತದೆ. ಆರೋಗ್ಯ ವಿಮೆ ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ ಭರಿಸುತ್ತದೆಯೇ ಹೊರತು ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ, ಡೈಪರ್, ಫಿಸಿಯೋಥೆರಪಿಯ ಖರ್ಚನ್ನಲ್ಲ. ಈ ಖರ್ಚಿಗೆ ದಾರಿ ಮಾಡಿಡದಿದ್ದರೆ ಕೊನೆಗೆ ಕೈಹಾಕುವುದು ಮನೆಗೇ.

ಮೊದಲು ಲೆಕ್ಕ ಬರೆಯಿರಿ. ತಿಂಗಳಿಗೆ 30,000 ರೂಪಾಯಿ ಬೇಕು, ವರ್ಷಕ್ಕೆ ಶೇ 8ರಷ್ಟು ಏರುತ್ತದೆ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ಸುಮಾರು 21 ಲಕ್ಷ ಆಗುತ್ತದೆ. ಹಗಲು ರಾತ್ರಿ ಎರಡಕ್ಕೂ ಆಳು ಬೇಕಾದರೆ ಇಬ್ಬರ ಸಂಬಳ ಹಿಡಿಯಬೇಕು. ಪಿಂಚಣಿ, ಬಾಡಿಗೆ, ಬಡ್ಡಿ ಸೇರಿಸಿ ಎಷ್ಟು ಕೊರತೆ ಬೀಳುತ್ತದೆ ನೋಡಿ. 60 ದಾಟಿದವರು ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಶೇ 8.2 ಬಡ್ಡಿಯಾದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಕೈಗೆ ಬರುತ್ತದೆ.

ಮುಂದಿನದು ಮನೆಯ ವಿಚಾರ. ಜನ ಹೆಚ್ಚು ಎಡವುವುದು ಇಲ್ಲೇ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ ಎಂದು ಬದುಕಿರುವಾಗಲೇ ಮಗನಿಗೋ ಮಗಳಿಗೋ ಬರೆದುಕೊಡುತ್ತಾರೆ. ನೋಂದಣಿ ಆದ ಮೇಲೆ ಮನೆ ಅವರದು. ಅವರು ಅದರ ಮೇಲೆ ಸಾಲ ಎತ್ತಿ ಕಟ್ಟದಿದ್ದರೆ ಬ್ಯಾಂಕ್ ಜಪ್ತಿ ಮಾಡಬಹುದು. ಅವರೇ ಮೊದಲು ತೀರಿಕೊಂಡರೆ ಆಸ್ತಿ ಅವರ ವಾರಸುದಾರರ ಪಾಲಾಗುತ್ತದೆ. ಕೊಟ್ಟವರು ಮನಸ್ಸು ಬದಲಿಸಿದ ಮಾತ್ರಕ್ಕೆ ಪತ್ರ ರದ್ದಾಗುವುದಿಲ್ಲ.

ಪಡೆದವರು ನೋಡಿಕೊಳ್ಳದಿದ್ದರೆ ಪತ್ರ ರದ್ದುಪಡಿಸಲು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಕಲಂ 23 ನೆರವಿಗೆ ಬರುತ್ತದೆ ನಿಜ. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟದ್ದೆಂದು ತೋರಿಸಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಿತು. ಅಲ್ಲಿಯೂ ಷರತ್ತು ಬರಹದಲ್ಲಿತ್ತು. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಬರೆದ ಪತ್ರವನ್ನು ನೆಚ್ಚಿಕೊಳ್ಳುವಂತಿಲ್ಲ.

ಹಾಗಾಗಿ ನಮ್ಮ ಸಲಹೆ ಸ್ಪಷ್ಟ: ದಾನಪತ್ರ ಬೇಡ, ವಿಲ್ ಬರೆಯಿರಿ. ಕೊನೆಯವರೆಗೂ ಮನೆ ನಿಮ್ಮದೇ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಕಡ್ಡಾಯ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ವಯಸ್ಸಾಗಿದ್ದರೆ ‘ಬುದ್ಧಿ ಸ್ಥಿಮಿತದಲ್ಲಿದೆ’ ಎಂಬ ವೈದ್ಯರ ಪ್ರಮಾಣಪತ್ರವನ್ನು ಅದೇ ದಿನಾಂಕದಲ್ಲಿ ಪಡೆದಿಡಿ. ಮುಂದೆ ತಕರಾರು ಎದ್ದರೆ ಆ ಪ್ರಮಾಣಪತ್ರ ನೆರವಿಗೆ ಬರುತ್ತದೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ ವಿಲ್ ಬರೆಯಲು ಬರುವುದು ನಿಮ್ಮ ಪಾಲಿಗೆ ಮಾತ್ರ. 2005ರ ತಿದ್ದುಪಡಿಯ ನಂತರ ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ.

ದಾನಪತ್ರವೇ ಆಗಬೇಕೆಂದಿದ್ದರೆ ಎರಡು ಮಾತು ಅದರಲ್ಲಿರಲಿ. ಒಂದು: ‘ದಾನಿಯ ಜೀವಿತಾವಧಿಯವರೆಗೆ ವಾಸದ ಹಾಗೂ ಬಾಡಿಗೆ ಪಡೆಯುವ ಹಕ್ಕು ದಾನಿಗೇ ಇರತಕ್ಕದ್ದು.’ ಇನ್ನೊಂದು: ‘ದಾನ ಪಡೆದವರು ದಾನಿಯ ಊಟ, ವಸತಿ, ಔಷಧಿ, ಶುಶ್ರೂಷೆ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ 2007ರ ಕಾಯ್ದೆಯ ಕಲಂ 23ರಂತೆ ಈ ಪತ್ರ ರದ್ದಾಗತಕ್ಕದ್ದು.’ ಜಂಟಿ ಆಸ್ತಿಯಲ್ಲಿನ ನಿಮ್ಮ ಪಾಲನ್ನು ಇನ್ನೊಬ್ಬ ಪಾಲುದಾರರಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೂ ಇದೇ ಎಚ್ಚರ ಬೇಕು. ಷರತ್ತು ಮುರಿದರೆ ದೂರು ಕೊಡಬೇಕಾದದ್ದು ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ. ಮಾಹಿತಿಗೆ ಹಿರಿಯರ ಸಹಾಯವಾಣಿ 14567.

ಮನೆಯೊಂದೇ ಇದ್ದು ಕೈಯಲ್ಲಿ ಹಣವಿಲ್ಲದವರಿಗೆ ರಿವರ್ಸ್ ಮಾರ್ಟ್‌ಗೇಜ್ ಇದೆ. ಮನೆ ಅಡವಿಟ್ಟರೆ ಬ್ಯಾಂಕ್ ತಿಂಗಳು ತಿಂಗಳು ಹಣ ಕೊಡುತ್ತದೆ, ಅಲ್ಲೇ ವಾಸವಿರಬಹುದು. ಅವರ ಕಾಲಾನಂತರ ಮಕ್ಕಳು ಬಡ್ಡಿ ಸಹಿತ ಸಾಲ ತೀರಿಸಿ ಮನೆ ಉಳಿಸಿಕೊಳ್ಳಬಹುದು.

ಇನ್ನು ಮರೆವು. ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಬರೆಸಿಟ್ಟಿದ್ದೇವೆ, ಸಾಕು ಎಂದು ಹಲವರು ನಿಶ್ಚಿಂತೆಯಿಂದಿರುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಪತ್ರಕ್ಕೆ ಬಲವಿಲ್ಲ. 1872ರ ಕರಾರು ಕಾಯ್ದೆಯ ಕಲಂ 201 ಹೇಳುವುದೇ ಅದನ್ನು. ತೀರಾ ಬೇಕಾದ ಹೊತ್ತಿನಲ್ಲಿ ಅದು ಕೈಕೊಡುತ್ತದೆ. ಆಮೇಲೆ ಅವರ ಆಸ್ತಿ ನಿರ್ವಹಿಸಲು ಪಾಲಕರ ನೇಮಕಕ್ಕಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ. ಅದಕ್ಕೇ ಆರೋಗ್ಯವಿರುವಾಗಲೇ ಉಳಿತಾಯ ಖಾತೆಯನ್ನು ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು’ ಎಂದು ಜಂಟಿ ಮಾಡಿಸಿ. ಠೇವಣಿಗೂ ಅದೇ ಸೂಚನೆ ಕೊಟ್ಟು, ಅವಧಿಗೆ ಮುನ್ನ ಒಬ್ಬರೇ ತೆಗೆಯಬಹುದೆಂದು ಬರೆಸಿ. ಇಲ್ಲವಾದರೆ ಬ್ಯಾಂಕ್ ಇಬ್ಬರ ಸಹಿ ಕೇಳುತ್ತದೆ. ಜಂಟಿ ಹೆಸರು ಸೇರಿಸುವಾಗ ನೆನಪಿರಲಿ, ಆ ವ್ಯಕ್ತಿ ನಾಳೆಯೇ ಪೂರ್ತಿ ಹಣ ತೆಗೆಯಬಲ್ಲರು. ನಾಮಿನಿಯ ಮಾತು ಬೇರೆ: ಅವರು ಬ್ಯಾಂಕಿನಿಂದ ಹಣ ಪಡೆಯುವವರು, ಮಾಲೀಕರಲ್ಲ. ಆ ಹಣ ವಿಲ್‌ನಲ್ಲಿ ಹೆಸರಿಸಿದವರಿಗೆ, ವಿಲ್ ಇಲ್ಲದಿದ್ದರೆ ವಾರಸುದಾರರಿಗೆ ಸೇರುತ್ತದೆ.

ಹಾಸಿಗೆ ಹಿಡಿದಿದ್ದರೂ ಬುದ್ಧಿ ಚುರುಕಾಗಿದ್ದರೆ ತಡವಾಗಿಲ್ಲ. ಕಾರಣ ಕೊಟ್ಟು ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಉಪನೋಂದಣಾಧಿಕಾರಿ ಮನೆಗೇ ಬಂದು ಪತ್ರ ನೋಂದಾಯಿಸಿಕೊಳ್ಳಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ.