ಬಸುರಿಗೆ ಹಾಲು ಸೇರದಿದ್ದರೆ: ಸೋಯಾ ಲೋಟ ಕೊಡುವ ಮುನ್ನ

ಮುಳಬಾಗಿಲು ಕಡೆಯ ನಮ್ಮ ಮನೆಯಲ್ಲಿ ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೇ ಕಾಫಿ. ಅಂಥ ಮನೆಗೆ ಸೊಸೆಯಾಗಿ ಬಂದ ತಮ್ಮನ ಹೆಂಡತಿಗೆ ಬಸುರಿಯಾದ ಎರಡನೇ ತಿಂಗಳಿಂದ ಹಾಲಿನ ವಾಸನೆಯೇ ಆಗುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಒಳಗೆ ಹಾಲು ಕಂಡರೆ ವಾಂತಿ. ‘ಹಾಲು ಕುಡೀದಿದ್ರೆ ಮಗು ಮೂಳೆ ಹೆಂಗಮ್ಮಾ ಗಟ್ಟಿ ಆಗುತ್ತೆ?’ ಎಂದು ಅಮ್ಮನ ಗಾಬರಿ. ತಮ್ಮ ಕೋಲಾರದಿಂದ ಸೋಯಾಕಾಳಿನಿಂದ ಮಾಡಿದ ಹಾಲಿನಂಥ ಪಾನೀಯದ ಒಂದು ಪ್ಯಾಕೆಟ್ ತಂದು, ‘ಅಕ್ಕಾ, ಇದನ್ನ ಕೊಡಬಹುದಾ?’ ಎಂದು ಫೋನ್ ಮಾಡಿದ. ಕೊಡಬಹುದು. ಆದರೆ ಅದಕ್ಕೂ ಮೊದಲು ನೋಡಬೇಕಾದ್ದು ಕೆಲವು ಇವೆ.

ಮೊದಲು, ಹಾಲು ಯಾಕೆ ಸೇರುತ್ತಿಲ್ಲ?

ವಾಕರಿಕೆಯಿಂದ ಸೇರದಿದ್ದರೆ ಅದು ಸಾಮಾನ್ಯವಾಗಿ ನಾಲ್ಕನೇ ತಿಂಗಳ ಹೊತ್ತಿಗೆ ತಗ್ಗುತ್ತದೆ. ಹಾಲು ಕುಡಿದಾಗಲೆಲ್ಲ ಹೊಟ್ಟೆ ಉಬ್ಬರಿಸಿ ಭೇದಿಯಾದರೆ ಅದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದ ತೊಂದರೆ ಇರಬಹುದು. ಇಂಥ ಎಷ್ಟೋ ಜನಕ್ಕೆ ಮೊಸರು, ಮಜ್ಜಿಗೆ ಸೇರುತ್ತದೆ, ಯಾಕೆಂದರೆ ಹೆಪ್ಪಾದಾಗ ಲ್ಯಾಕ್ಟೋಸ್ ಒಂದಿಷ್ಟು ಕಡಿಮೆಯಾಗುತ್ತದೆ. ಅದನ್ನು ನೋಡದೆ ದುಡ್ಡು ಕೊಟ್ಟು ಪ್ಯಾಕೆಟ್ ತರುವುದು ಸುಮ್ನೆ ಖರ್ಚು. ಹಾಲು ತಾಗಿದರೆ ಮೈಯೆಲ್ಲ ದದ್ದು, ಉಸಿರಾಟಕ್ಕೆ ಕಷ್ಟ ಎಂದರೆ ಅದು ಅಲರ್ಜಿ ಇರಬಹುದು. ಆಗ ಮಜ್ಜಿಗೆಯೂ ಬೇಡ, ಡಾಕ್ಟರ ಹತ್ತಿರ ಹೋಗಿ.

ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ

ಅದರ ಮೇಲೆ ‘ಹಾಲು’ ಎಂದು ಇರುವುದಿಲ್ಲ, ಡ್ರಿಂಕ್ ಅಥವಾ ಬೆವರೇಜ್ ಎಂದಿರುತ್ತದೆ. ಗಿಡದಿಂದ ಮಾಡಿದ್ದನ್ನು ಹಾಲು ಎಂದು ಮಾರಬಾರದು ಎಂಬುದು ನಮ್ಮ ದೇಶದ ಆಹಾರ ನಿಯಮ. ನನ್ನನ್ನು ಕೇಳಿದರೆ ಇದು ಸರಿಯಾದ ನಿಯಮ. ಬಿಳಿ ಬಣ್ಣ ಇದೆ ಅಂತ ಒಳಗೂ ಹಾಲೇ ಇರುತ್ತದಾ?

ಹಿಂದಿನ ಪಟ್ಟಿಯಲ್ಲಿ ಪ್ರೋಟೀನ್ ನೋಡಿ. ಹಸುವಿನ ಹಾಲಿನಲ್ಲಿ 200 ಮಿಲಿ ಲೋಟಕ್ಕೆ ಆರೇಳು ಗ್ರಾಂ ಇರುತ್ತದೆ. ಒಳ್ಳೆಯ ಸೋಯಾ ಪಾನೀಯ ಅದರ ಹತ್ತಿರ ಬರುತ್ತದೆ. ಬಾದಾಮಿಯದು ಸಾಮಾನ್ಯವಾಗಿ ಒಂದೆರಡು ಗ್ರಾಂ ದಾಟುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ತೆಂಗಿನದರಲ್ಲೂ ಪ್ರೋಟೀನ್ ಅಷ್ಟಕ್ಕಷ್ಟೇ.

ಆಮೇಲೆ ಕ್ಯಾಲ್ಸಿಯಂ. ಸೋಯಾದಲ್ಲಿ ತಾನಾಗಿ ಇರುವ ಕ್ಯಾಲ್ಸಿಯಂ ಸ್ವಲ್ಪವೇ, ಕಂಪನಿಯವರು ಸೇರಿಸಿದ್ದರೆ ಉಂಟು. 100 ಮಿಲಿಗೆ ಸುಮಾರು 120 ಮಿಲಿಗ್ರಾಂ ಎಂದಿದ್ದರೆ ಹಾಲಿಗೆ ಸಮ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ, ಹಾಗಾಗಿ ಪ್ಯಾಕೆಟ್ ಚೆನ್ನಾಗಿ ಕುಲುಕಿಯೇ ಸುರಿಯಬೇಕು. ವಿಟಮಿನ್ ಬಿ12 ಸೇರಿಸಿದ್ದಾರಾ ಅಂತಲೂ ನೋಡಿ. ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದ ಬಸುರಿಗೆ ಬಿ12 ಸಿಗುವ ದಾರಿಯೇ ಕಡಿಮೆ. ಅಂಥವರು ಡಾಕ್ಟರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇನ್ನು ಸಕ್ಕರೆ. ಚಾಕೊಲೇಟ್, ವೆನಿಲಾ ರುಚಿಯದರಲ್ಲಿ ಎಷ್ಟು ಗ್ರಾಂ ಇದೆ ಎಂದು ಓದಿ ಐದರಿಂದ ಭಾಗಿಸಿ. ಹೆಚ್ಚುಕಡಿಮೆ ಅಷ್ಟು ಟೀ ಚಮಚ. ಬಸುರಿಯಲ್ಲಿ ಶುಗರ್ ಬಂದವರಿಗೆ ಸಪ್ಪೆಯದೇ ಸರಿ.

ಸೋಯಾದಿಂದ ಮಗುವಿಗೆ ತೊಂದರೆಯಾ?

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಭಯ ಇದು. ಸೋಯಾದಲ್ಲಿ ಐಸೋಫ್ಲೇವೋನ್ ಎಂಬ ಅಂಶ ಇದೆ. ಅದರ ರಚನೆ ಹೆಣ್ಣಿನ ಈಸ್ಟ್ರೋಜನ್ ಹಾರ್ಮೋನನ್ನು ಹೋಲುತ್ತದೆ, ಆದರೆ ಬಲ ತುಂಬಾ ಕಡಿಮೆ. ಜಪಾನ್, ಚೀನಾದ ಬಸುರಿಯರು ಟೋಫು, ಸೋಯಾವನ್ನು ಊಟದ ಜೊತೆ ತಿನ್ನುತ್ತಲೇ ಬಂದಿದ್ದಾರೆ. ದಿನಕ್ಕೆ ಒಂದೆರಡು ಲೋಟ, ವಾರದಲ್ಲಿ ಒಂದೆರಡು ದಿನ ಮೀಲ್ ಮೇಕರ್ ಸಾರು ಎಂದರೆ ಹೆದರಬೇಕಿಲ್ಲ. ಸೋಯಾ ಸಾರದ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನುಂಗಬೇಡಿ.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. ಸೋಯಾ ಆ ಮಾತ್ರೆ ಮೈಗೆ ಹತ್ತುವುದನ್ನು ತಡೆಯಬಹುದು. ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಸೋಯಾ ನಾಲ್ಕು ಗಂಟೆ ಬಿಟ್ಟು. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆಗಳೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇರಬೇಕು.

ಮುದ್ದೆಯನ್ನು ಮರೆಯಬೇಡಿ

ಬಸುರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ, ರಾಗಿ ಮೊಳಕೆ ಕಟ್ಟಿ ಬೀಸಿದರೆ ಜಾಸ್ತಿ ಹತ್ತುತ್ತದೆ. ಜೊತೆಗೆ ನುಗ್ಗೆಸೊಪ್ಪು, ದಂಟಿನಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು. ಪೇಟೆಯ ಬಸುರಿ ಪ್ಯಾಕೆಟ್ಟಿನಲ್ಲಿ ಹುಡುಕುವ ಕ್ಯಾಲ್ಸಿಯಂ ನಮ್ಮ ಕೋಲಾರದ ತಟ್ಟೆಯಲ್ಲಿ ಆಗಲೇ ಅರ್ಧ ಇರುತ್ತದೆ. ಸೋಯಾ ಉಳಿದಿದ್ದಕ್ಕೆ ಕೈ ಜೋಡಿಸುತ್ತದೆ, ಅಷ್ಟೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆಯನ್ನು ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು ಸಲ, ಊಟದ ಜೊತೆ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆ ಅದರಿಂದ ಎರಡು ಗಂಟೆ ದೂರ ಇರಲಿ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ.

ಮನೆಯಲ್ಲೇ ಮಾಡುವುದಾದರೆ

ಒಂದು ಲೋಟ ಸೋಯಾಕಾಳನ್ನು ರಾತ್ರಿ ನೆನೆಹಾಕಿ. ಬೆಳಗ್ಗೆ ಕಾಳು ಉಜ್ಜಿ ಸಿಪ್ಪೆ ತೆಗೆಯಿರಿ. ಆರು ಲೋಟ ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ರುಬ್ಬಿ. ತಣ್ಣೀರಿನಲ್ಲಿ ರುಬ್ಬಿದರೆ ಹಸಿ ವಾಸನೆ ಹೊಡೆಯುತ್ತದೆ. ತೆಳುಬಟ್ಟೆಯಲ್ಲಿ ಸೋಸಿ ಒಲೆಗೆ ಇಡಿ. ಇಲ್ಲೇ ಎಲ್ಲರೂ ಮೋಸ ಹೋಗುವುದು: ಕುದಿ ಬರುವ ಮೊದಲೇ ನೊರೆ ಉಕ್ಕಿ ಬರುತ್ತದೆ, ಕಾದಾಯಿತು ಎಂದು ಇಳಿಸಿಬಿಡುತ್ತಾರೆ. ನೊರೆ ಇಳಿದು ನಿಜವಾದ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹದಿನೈದು ಇಪ್ಪತ್ತು ನಿಮಿಷ ಕುದಿಸಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಅರಗಲು ಬಿಡದ ಅಂಶ ಇದೆ, ಅದು ಹೋಗುವುದು ಬೆಂದರೆ ಮಾತ್ರ. ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಮನೆಯದರಲ್ಲಿ ಪ್ರೋಟೀನ್ ಇದೆ, ಸೇರಿಸಿದ ಕ್ಯಾಲ್ಸಿಯಂ ಇಲ್ಲ, ನೆನಪಿರಲಿ.

ನಮ್ಮ ಮನೆಯಲ್ಲಿ ಬಟ್ಟೆಯಲ್ಲಿ ಉಳಿದ ಚರಟವನ್ನು ಅಕ್ಕಿಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ಜೊತೆ ಕಲಸಿ, ಎರಡೂ ಕಡೆ ಚೆನ್ನಾಗಿ ಬೇಯಿಸಿ ರೊಟ್ಟಿ ಮಾಡಿದೆವು. ತಮ್ಮನ ಹೆಂಡತಿ ಎರಡು ತಿಂದಳು. ಮಿಕ್ಕ ಒಂದು ಹಿಡಿ ಚರಟವನ್ನು ಅಮ್ಮ ಸೀಮೆಹಸುಗಳ ಬಾನಿಗೆ ಹಾಕಿದರು.