ಊರಿನ ಬೇಸಾಯದ ಪರಿಸರ ಲೆಕ್ಕ: ಗ್ರಾಮಸಭೆಗೆ ಒಯ್ಯುವ ಮುನ್ನ

ಕೋಲಾರ ಕಡೆಯ ಒಂದು ಗ್ರಾಮಸಭೆಯಲ್ಲಿ ಒಮ್ಮೆ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಊರಿನ ಹುಡುಗರು ತಿಂಗಳುಗಟ್ಟಲೆ ಓಡಾಡಿ, ಬೇಸಾಯದಿಂದ ನೆಲ-ನೀರಿಗೆ ಏನಾಗಿದೆ ಅಂತ ವರದಿ ತಯಾರಿಸಿದ್ದರು. ಒಬ್ಬ ಎದ್ದು ಓದಿದ: "ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ 12. ಮಿತಿ 45. ನಮ್ಮ ನೀರು ಚೆನ್ನಾಗಿದೆ." ಚಪ್ಪಾಳೆ ಬಿತ್ತು. ಮುಂದಿನ ವಿಷಯ ಬೀದಿದೀಪ.

ಆ 12 ತಪ್ಪು. ನೈಟ್ರೇಟ್ ಅಂದರೆ ಗೊಬ್ಬರ, ಕೊಳಚೆಯ ಸಾರಜನಕ ನೀರಿಗಿಳಿದಾಗ ಕಾಣುವ ರೂಪ. ಅಂಕಿ ಯಾಕೆ ತಪ್ಪು ಅಂತ ಆಮೇಲೆ ಹೇಳುತ್ತೇನೆ. ಇಂಥ ತಪ್ಪನ್ನು ಇಷ್ಟು ಸಲ ನೋಡಿದ್ದೇನೆ ಅಂದರೆ, ಸುಮ್ನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಪಂಚಾಯಿತಿ ಸದಸ್ಯರು, ರೈತ ಉತ್ಪಾದಕರ ಸಂಘದವರು, ಕಾಲೇಜು ಮಕ್ಕಳು, ಯಾರು ಬೇಕಾದರೂ ಈ ಲೆಕ್ಕ ತೆಗೆಯಬಹುದು.

1. ಮೊದಲು ಪ್ರಶ್ನೆ ಬರೆಯಿರಿ

"ನಮ್ಮ ಊರಿನ ಪರಿಸರ ಹೇಗಿದೆ?" ಅನ್ನುವುದು ಪ್ರಶ್ನೆಯೇ ಅಲ್ಲ. ಪಂಚಾಯಿತಿ ಏನು ನಿರ್ಧರಿಸಬೇಕು ಅನ್ನುವುದನ್ನು ಬರೆಯಿರಿ. ಕೆರೆ ಹೂಳು ತೆಗೆಸಬೇಕೇ? ಯಾವ ಬೆಳೆಗೆ ಪ್ರೋತ್ಸಾಹ ಕೇಳಬೇಕು? ಕುಡಿಯುವ ನೀರಿನ ಬೋರ್ ಸುತ್ತ ಗೊಬ್ಬರ ಕಡಿಮೆ ಮಾಡಿಸಬೇಕೇ? ಒಂದೋ ಎರಡೋ ಪ್ರಶ್ನೆ ಸಾಕು.

ಅಳತೆಯಿಂದ ನೀತಿ ಹುಟ್ಟಿದ್ದು ನಮ್ಮಲ್ಲೇ ಇದೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಕೃಷಿ ಇಲಾಖೆ ಮತ್ತು ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯವರು ಸಾವಿರಾರು ರೈತರ ಹೊಲದ ಮಣ್ಣು ಪರೀಕ್ಷಿಸಿದರು. ಗಂಧಕ, ಸತು, ಬೋರಾನ್ ಕೊರತೆ ಎಲ್ಲೆಲ್ಲಿದೆ ಅಂತ ಕಂಡಿತು. ಅದರ ಮೇಲೆಯೇ ಆ ಪೋಷಕಾಂಶಗಳನ್ನು ರಿಯಾಯಿತಿ ದರದಲ್ಲಿ ಕೊಟ್ಟರು.

2. ಗಡಿ ಹಾಕಿ

ಯಾವ ಸರ್ವೆ ನಂಬರ್‌ಗಳು, ಯಾವ ಬೆಳೆಗಳು, ಮುಂಗಾರೋ ಬೇಸಿಗೆಯೋ. ಪಹಣಿ, ಬೆಳೆ ಸಮೀಕ್ಷೆ ಎರಡನ್ನೂ ಇಟ್ಟುಕೊಂಡು ಒಂದು ಸುತ್ತು ಹೊಲ ತಿರುಗಿ ಬನ್ನಿ. ಪಹಣಿಯಲ್ಲಿ ರಾಗಿ, ಹೊಲದಲ್ಲಿ ನೀಲಗಿರಿ, ಇಂಥದ್ದು ಸಿಗುತ್ತದೆ. ನಂಬಬೇಕಾದ್ದು ಹೊಲವನ್ನು.

3. ನೀರು

ಕೃಷಿ ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ಕರೆಂಟ್ ಉಚಿತ. ಹಾಗಾಗಿ ಬಹುತೇಕ ಕಡೆ ಮೀಟರೇ ಇಲ್ಲ. ಎಷ್ಟು ನೀರು ಎತ್ತಿದರು ಅಂತ ಬಿಲ್ ನೋಡಿ ಹೇಳುವ ಹಾಗಿಲ್ಲ. 200 ಲೀಟರಿನ ಡ್ರಮ್, ಒಂದು ಮೊಬೈಲು ಸಾಕು. ಡ್ರಮ್ ತುಂಬಲು 100 ಸೆಕೆಂಡ್ ಆದರೆ ಸೆಕೆಂಡಿಗೆ 2 ಲೀಟರ್, ಗಂಟೆಗೆ 7,200 ಲೀಟರ್. ದಿನಕ್ಕೆ 6 ಗಂಟೆ ಓಡಿದರೆ 43,200 ಲೀಟರ್. ಒಂದು ಎಕರೆಗೆ 1 ಮಿ.ಮೀ. ನೀರು ಅಂದರೆ 4,047 ಲೀಟರ್. ಅಂದರೆ ಆ ಬೋರ್ ಒಂದು ಎಕರೆಗೆ ದಿನಕ್ಕೆ 10.7 ಮಿ.ಮೀ. ಮಳೆ ಸುರಿಸಿದ ಹಾಗೆ.

ಮೋಟರ್ ಹಾಕಿದ ಕೂಡಲೇ ಅಳೆಯಬೇಡಿ. ಮೊದಲ ಹತ್ತು ನಿಮಿಷ ಎಲ್ಲ ಬೋರ್‌ಗಳೂ ಶೂರರೇ. ಎರಡು ಗಂಟೆ ಓಡಿದ ಮೇಲೆ ಇನ್ನೊಮ್ಮೆ ಅಳೆದು, ಆ ಅಂಕಿಯನ್ನೇ ಹಿಡಿಯಿರಿ. ಓಡಿದ ಗಂಟೆಯನ್ನೂ ಬಾಯಿಮಾತಿನಲ್ಲಿ ಕೇಳಿ ಬರೆಯಬೇಡಿ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದಾಗೆಲ್ಲ ಮೋಟರ್ ತಾನೇ ಓಡುತ್ತದೆ, ರೈತ ಮನೆಯಲ್ಲಿ ಮಲಗಿರುತ್ತಾನೆ. ತ್ರೀ-ಫೇಸ್ ಕರೆಂಟ್ ಎಷ್ಟು ಹೊತ್ತು ಇತ್ತು ಅಂತ ಒಂದು ವಾರ ಬರೆದಿಡಿ.

ನೀರಿನ ಮಟ್ಟವನ್ನು ಮೇ ಮತ್ತು ನವೆಂಬರಿನಲ್ಲಿ, ಬೆಳಗ್ಗೆ ಕರೆಂಟ್ ಬರುವ ಮುಂಚೆ ನೋಡಬೇಕು. ಆಳದ ಬೋರ್‌ನಲ್ಲಿ ಟೇಪ್ ಇಳಿಯದಿದ್ದರೆ "ಎಷ್ಟು ಪೈಪ್ ಇಳಿಸಿದ್ದೀರಿ, ಹೋದ ಸಲಕ್ಕಿಂತ ಎಷ್ಟು ಜಾಸ್ತಿ?" ಅಂತ ಕೇಳಿ. ಒಂದು ಪೈಪಿಗೆ 20 ಅಡಿ ಲೆಕ್ಕ. ನಿಖರವಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಹೋಲಿಸಲು ಆಗುತ್ತದೆ.

ಕೋಲಾರದವರು ಇನ್ನೊಂದು ನೆನಪಿಡಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನಿಮ್ಮ ಕೆರೆ ಆ ಸಾಲಿನಲ್ಲಿದ್ದು ಬೋರ್ ನೀರು ಮೇಲೆ ಬಂದಿದ್ದರೆ, ಅದನ್ನು ರೈತರು ನೀರು ಉಳಿಸಿದ್ದರ ಫಲ ಅಂತ ಬರೆದುಬಿಡಬೇಡಿ. ಆ ನೀರು ಬಾರದ ಪಕ್ಕದೂರಿನ ಎರಡು ಬೋರ್ ಜತೆಗೆ ಹೋಲಿಸಿ.

4. ಮಣ್ಣು

ಮಾದರಿ ತೆಗೆಯಲು ಆಂಗ್ಲದ ವಿ ಅಕ್ಷರದ ಆಕಾರದಲ್ಲಿ 15 ಸೆಂ.ಮೀ. ಗುಂಡಿ ತೋಡಿ, ಒಂದು ಹೊಲದಲ್ಲಿ 10–15 ಕಡೆ, ಬದು-ತಿಪ್ಪೆ-ಮರದಿಂದ ದೂರ. ಆ ಮಣ್ಣನ್ನೆಲ್ಲ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಬಂದರೆ ಮಣ್ಣು ಬಡವಾಗಿದೆ ಅಂತ ಅರ್ಥ. ರೈತ ಸಂಪರ್ಕ ಕೇಂದ್ರದಲ್ಲಿ ಉಳಿದದ್ದನ್ನು ಹೇಳಿಕೊಡುತ್ತಾರೆ.

5. ಸಾರಜನಕ: ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನ ಮಾಡಿ. ಹೊಲಕ್ಕೆ ಹೋದ ಸಾರಜನಕದಲ್ಲಿ ಬೆಳೆ ಎಷ್ಟು ತೆಗೆದುಕೊಂಡಿತು, ಎಷ್ಟು ಉಳಿಯಿತು ಅನ್ನುವುದೇ ನಮಗೆ ಬೇಕು. ಉಳಿದದ್ದರಲ್ಲಿ ಒಂದಷ್ಟು ನೀರಿಗಿಳಿಯುತ್ತದೆ, ಒಂದಷ್ಟು ಗಾಳಿಗೆ ಹಾರುತ್ತದೆ. ಎಷ್ಟು ಮೂಟೆ ಹಾಕಿದರು ಅನ್ನುವುದನ್ನೇ ಪರಿಸರ ಹಾನಿ ಅಂತ ಬರೆಯುವವರಿದ್ದಾರೆ. ಅದು ಅರ್ಧ ಲೆಕ್ಕ.

ಕೇಳುವ ರೀತಿಯೇ ಮೊದಲ ಗಂಡಾಂತರ. "ಎಷ್ಟು ಗೊಬ್ಬರ ಹಾಕ್ತೀರಿ?" ಅಂದರೆ, ಸಬ್ಸಿಡಿ ಕಡಿತಕ್ಕೆ ಬಂದಿದ್ದಾರೆ ಅಂತ ರೈತರಿಗೆ ಅನ್ನಿಸುತ್ತದೆ. ಶಿಫಾರಸು ಪಟ್ಟಿಯಲ್ಲಿರುವುದನ್ನೇ ಒಪ್ಪಿಸುತ್ತಾರೆ. ಹೊಲದಲ್ಲೇ ನಿಂತು, ಬೆಳೆಯ ಜತೆ ನಡೆದು ಕೇಳಿ: "ಅಣ್ಣಾ, ಹೋದ ಸಲ ಟೊಮೆಟೊ ನಾಟಿ ಮಾಡಿದಾಗ ಬುಡಕ್ಕೆ ಏನು ಹಾಕಿದ್ರಿ? ಎಷ್ಟು ದಿನ ಬಿಟ್ಟು ಮತ್ತೆ?" ಹಾಗೆ ಕೇಳಿದರೆ ಒಂದೊಂದೇ ಹೊರಗೆ ಬರುತ್ತದೆ. ಮನೆಯ ಹೆಂಗಸರನ್ನೂ ಕೇಳಿ. ಎಷ್ಟೋ ಕಡೆ ಗೊಬ್ಬರ ಎರಚುವವರು ಅವರೇ, ಲೆಕ್ಕವೂ ಅವರಿಗೇ ಗೊತ್ತು.

ಎರಡನೆಯದು ಮೂಟೆಯ ತೂಕ. ಯೂರಿಯಾ ಮೂಟೆ ಈಗ 45 ಕೆ.ಜಿ., ಹಿಂದೆ 50 ಇತ್ತು. ಹಳೆಯ ನಮೂನೆಯಲ್ಲಿ ಲೆಕ್ಕ ಹಾಕಿದರೆ ಸುಳ್ಳು ಬರುತ್ತದೆ. ಯೂರಿಯಾದಲ್ಲಿ ಸಾರಜನಕ ಶೇ 46, ಅಂದರೆ ಮೂಟೆಗೆ 20.7 ಕೆ.ಜಿ. ಡಿಎಪಿಯಲ್ಲಿ ಶೇ 18, 50 ಕೆ.ಜಿ. ಮೂಟೆಗೆ 9 ಕೆ.ಜಿ. ಡ್ರಿಪ್‌ನಲ್ಲಿ ಬಿಡುವ ಹತ್ತೊಂಬತ್ತು ಆಲ್ (ನೀರಿನಲ್ಲಿ ಕರಗುವ 19:19:19 ಗೊಬ್ಬರ), ಕ್ಯಾಲ್ಸಿಯಂ ನೈಟ್ರೇಟ್ ಇವನ್ನು ಮುಕ್ಕಾಲು ಜನ ಮರೆಯುತ್ತಾರೆ. ಚಿಕ್ಕ ಚಿಕ್ಕ ಚೀಲ, ಹಾಗಾಗಿ ಗೊಬ್ಬರ ಅಂತಲೇ ಅನ್ನಿಸುವುದಿಲ್ಲ.

ಕೊಟ್ಟಿಗೆ ಗೊಬ್ಬರವನ್ನು ಬಿಡಲೇಬೇಡಿ. "ಅದು ಸಾವಯವ ಅಲ್ವಾ, ಅದರಿಂದೇನು?" ಅಂತ ಕೇಳುತ್ತಾರೆ. ಸಾರಜನಕಕ್ಕೆ ಜಾತಿ ಇಲ್ಲ. ಟನ್ನಿಗೆ ಸುಮಾರು 5 ಕೆ.ಜಿ. ಹಿಡಿಯಿರಿ. ಕೋಳಿ ಗೊಬ್ಬರದಲ್ಲಿ ಇದರ ಹಲವು ಪಟ್ಟು ಇರುತ್ತದೆ. "ಒಂದು ಲೋಡು" ಅಂದರೆ ಟ್ರಾಲಿಯ ಉದ್ದ, ಅಗಲ, ಎತ್ತರ ಅಳೆದೇ ಬನ್ನಿ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಎಕರೆ ಟೊಮೆಟೊಗೆ 4 ಮೂಟೆ ಯೂರಿಯಾ (82.8), 3 ಮೂಟೆ ಡಿಎಪಿ (27), 5 ಟನ್ ಕೊಟ್ಟಿಗೆ ಗೊಬ್ಬರ (25). ಒಟ್ಟು ಸುಮಾರು 135 ಕೆ.ಜಿ. ಸಾರಜನಕ. ಮಂಡಿಗೆ ಹೋದದ್ದು 15 ಕೆ.ಜಿ.ಯ 1,000 ಬಾಕ್ಸ್, ಅಂದರೆ 15 ಟನ್. ಹಣ್ಣಿನಲ್ಲಿ ಟನ್ನಿಗೆ ಹೆಚ್ಚು ಕಡಿಮೆ 1.4 ಕೆ.ಜಿ. ಸಾರಜನಕ, ಒಟ್ಟು 21. ಉಳಿದದ್ದು 114 ಕೆ.ಜಿ. ಗಿಡವನ್ನು ಕಿತ್ತು ಹೊಲದಲ್ಲೇ ಕೊಳೆಸಿದರೆ ಅದರಲ್ಲಿದ್ದದ್ದು ಮಣ್ಣಿಗೇ ವಾಪಸು, ಕಳೆಯಬೇಡಿ. ದನಕ್ಕೆ ಹಾಕಲು ಹೊರಗೆ ಒಯ್ದರೆ ಕಳೆಯಿರಿ. ರಾಗಿ ಹುಲ್ಲಿನ ವಿಷಯದಲ್ಲೂ ಇದೇ ನಿಯಮ.

ನೆದರ್ಲೆಂಡ್ಸ್‌ನಲ್ಲಿ 1998ರಿಂದ ಇಂಥದ್ದೇ ಲೆಕ್ಕವನ್ನು ದೇಶದ ಮಟ್ಟದಲ್ಲಿ ಮಾಡಿದ್ದರು. ಹೊಲದ ಗೇಟಿನ ಒಳಗೆ ಬಂದದ್ದು, ಹೊರಗೆ ಹೋದದ್ದು, ಮಿತಿಗಿಂತ ಹೆಚ್ಚು ಉಳಿದದ್ದಕ್ಕೆ ದಂಡ. 2003ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ಹೆಚ್ಚು ಉಳಿದ ಮೇಲೆ ದಂಡ ಹಾಕುವ ಬದಲು ಮೊದಲೇ ಗೊಬ್ಬರಕ್ಕೆ ಮಿತಿ ಇರಬೇಕು ಅನ್ನುವುದು ಯುರೋಪಿನ ನೈಟ್ರೇಟ್ ಕಾನೂನಿನ ಅಪೇಕ್ಷೆ. ಆ ಪದ್ಧತಿ ಬಿಟ್ಟುಹೋಯಿತು. ಲೆಕ್ಕ ಹಾಕುವ ರೀತಿ ಮಾತ್ರ ಈಗಲೂ ಕೆಲಸಕ್ಕೆ ಬರುತ್ತದೆ.

ಇನ್ನು ನೀರಿನ ನೈಟ್ರೇಟ್. ತಿಪ್ಪೆ, ಶೌಚಾಲಯದ ಗುಂಡಿ ಹತ್ತಿರದ ಬೋರ್ ಆರಿಸಬೇಡಿ. ಅಲ್ಲಿ ನೈಟ್ರೇಟ್ ಸಿಕ್ಕರೆ ಅದು ಹೊಲದ್ದೋ ಮನೆಯದ್ದೋ ಯಾರು ಹೇಳಬೇಕು? ಮೋಟರ್ ಹತ್ತು ನಿಮಿಷ ಓಡಲಿ. ಅದೇ ನೀರಿನಲ್ಲಿ ಬಾಟಲಿ ಮೂರು ಸಲ ತೊಳೆದು ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ಲ್ಯಾಬಿಗೆ ಕೊಡಿ. ಮಾರುಕಟ್ಟೆಯ ಟಿಡಿಎಸ್ ಪೆನ್ನು ಇದಕ್ಕೆ ಬರುವುದಿಲ್ಲ. ಅದು ಒಟ್ಟು ಲವಣ ಹೇಳುತ್ತದೆ, ಉಪ್ಪು ಯಾವುದು ಅಂತ ಅದಕ್ಕೆ ಗೊತ್ತಿಲ್ಲ. "ನಮ್ಮ ಪೆನ್ನಲ್ಲಿ ನೈಟ್ರೇಟೂ ನೋಡಬಹುದು" ಅಂತ ಮಾರುವವರಿಂದ ದೂರ ಇರಿ. ಬಣ್ಣ ಬದಲಾಯಿಸುವ ಪಟ್ಟಿ ಪರವಾಗಿಲ್ಲ, ಯಾವ ಬೋರ್‌ನ ನೀರು ಲ್ಯಾಬಿಗೆ ಕಳಿಸಬೇಕು ಅಂತ ಆರಿಸುವಷ್ಟಕ್ಕೆ. ಅವಧಿ ಮುಗಿದಿದೆಯಾ ನೋಡಿಕೊಳ್ಳಿ.

ಈಗ ಆ 12ರ ಕತೆ. ಲ್ಯಾಬಿನವರು ಎರಡು ರೀತಿಯಲ್ಲಿ ಬರೆಯುತ್ತಾರೆ. ಒಂದು ಪೂರ್ತಿ ನೈಟ್ರೇಟ್. ಇನ್ನೊಂದು ನೈಟ್ರೇಟ್‌ನೊಳಗಿನ ಸಾರಜನಕ ಮಾತ್ರ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿ.ಗ್ರಾಂ., ಅದು ಪೂರ್ತಿ ನೈಟ್ರೇಟಿನದ್ದು. ಹುಡುಗರ ಕೈಯಲ್ಲಿದ್ದದ್ದು ಎರಡನೆಯ ಬಗೆಯ ಅಂಕಿ. ಅದನ್ನು 4.43ರಿಂದ ಗುಣಿಸಬೇಕು. 12 ಆಗುತ್ತದೆ 53. ಮಿತಿ ಮೀರಿದ ನೀರಿಗೆ ಚಪ್ಪಾಳೆ ಬಿದ್ದಿತ್ತು. ವರದಿಯ ಸಣ್ಣಕ್ಷರ ಓದಿ, ಇಲ್ಲದಿದ್ದರೆ ಲ್ಯಾಬಿಗೆ ಫೋನ್ ಮಾಡಿ.

6. ಗಾಳಿಗೆ ಹೋದದ್ದು

ಹಾಕಿದ ಸಾರಜನಕದ ಶೇ 1ರಷ್ಟು ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹೋಗುತ್ತದೆ ಅನ್ನುವುದು ಅಂತರರಾಷ್ಟ್ರೀಯವಾಗಿ ಬಳಸುವ ಸಾಮಾನ್ಯ ಲೆಕ್ಕ. ನಮ್ಮ 135 ಕೆ.ಜಿ.ಗೆ 1.35 ಕೆ.ಜಿ. ಸಾರಜನಕ. ಪೂರ್ತಿ ಅನಿಲದ ತೂಕ ಬೇಕಾದರೆ 1.57ರಿಂದ ಗುಣಿಸಬೇಕು, 2.1 ಕೆ.ಜಿ. ಅದರ ಬಿಸಿ ಏರಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ನ 273 ಪಟ್ಟು, ಅಂದರೆ ಸುಮಾರು 580 ಕೆ.ಜಿ.ಗೆ ಸಮ. ಗದ್ದೆ, ಹಸು ಇದ್ದರೆ ಮೀಥೇನ್ ಬೇರೆ. ಮೊಬೈಲ್ ಆ್ಯಪ್‌ಗಳು ಇದನ್ನೆಲ್ಲ ಸೇರಿಸಿ ನೂರಕ್ಕೆ ಇಷ್ಟು ಅಂತ ಒಂದೇ ಅಂಕ ಕೊಡುತ್ತವೆ. ನಾನು ಬಳಸುವುದಿಲ್ಲ. ನೀರು ಹಾಳಾಗಿ ಗಾಳಿ ಚೆನ್ನಾಗಿದ್ದರೂ ಪಾಸ್ ಅನ್ನುತ್ತದೆ.

7. ಯಾವುದರಿಂದ ಭಾಗಿಸುತ್ತೀರಿ?

ಕ್ವಿಂಟಾಲಿಗೆ ಎಷ್ಟು, ಎಕರೆಗೆ ಎಷ್ಟು, ಇಡೀ ಊರಿಗೆ ಎಷ್ಟು: ಮೂರನ್ನೂ ಬರೆಯಿರಿ. ಡ್ರಿಪ್ ಹಾಕಿದರೆ ಎಕರೆಗೆ ನೀರು ಉಳಿಯುತ್ತದೆ. ಉಳಿದ ನೀರಿನಲ್ಲಿ ಪಕ್ಕದ ಎರಡು ಎಕರೆಗೂ ಟೊಮೆಟೊ ನಾಟಿ ಆಗುತ್ತದೆ. ಎಕರೆ ಲೆಕ್ಕದಲ್ಲಿ ಊರು ಗೆದ್ದಿದೆ, ಬೋರ್ ಮಾತ್ರ ಇನ್ನೂ ನಾಲ್ಕು ಪೈಪ್ ಕೆಳಗೆ. ಇನ್ನು ಕಡಿಮೆ ಬೆಳೆದವರು ಎಕರೆ ಲೆಕ್ಕದಲ್ಲಿ ಒಳ್ಳೆಯವರಾಗಿ, ಕ್ವಿಂಟಾಲ್ ಲೆಕ್ಕದಲ್ಲಿ ಕೆಟ್ಟವರಾಗುವುದೂ ಉಂಟು. ಮೂರರಲ್ಲಿ ಒಂದನ್ನೇ ತೋರಿಸುವ ವರದಿ ಯಾರದೋ ಪರವಾಗಿದೆ ಅಂತಲೇ ನಾನು ಓದುತ್ತೇನೆ.

8. ಸಭೆಗೆ

ಒಂದೇ ಪುಟ. ಮೇಲೆ ಪ್ರಶ್ನೆ, ಕೆಳಗೆ ನಾಲ್ಕು ಅಂಕಿ, ಪ್ರತಿ ಅಂಕಿಯ ಪಕ್ಕ ಅಳೆದ ತಿಂಗಳು ಮತ್ತು ಹೆಚ್ಚು ಕಡಿಮೆ ಎಷ್ಟು ಆಗಬಹುದು ಅನ್ನುವುದು. ರೈತರ ಹೆಸರು, ಸರ್ವೆ ನಂಬರ್ ಹಾಕಬೇಡಿ. ಒಮ್ಮೆ ಹೆಸರು ಓದಿದರೆ ಮುಂದಿನ ವರ್ಷ ಯಾರೂ ಬಾಯಿ ಬಿಡುವುದಿಲ್ಲ. ಅಂಕಿ ಕೊಟ್ಟವರಿಗೆ ಸಭೆಗೆ ಒಂದು ದಿನ ಮುಂಚೆ ಪುಟ ತೋರಿಸಿ. ತಪ್ಪುಗಳು ಅಲ್ಲೇ ಸಿಗುತ್ತವೆ.

ಅಳತೆಗಳನ್ನು ಬರೆದ ಮೂಲ ಪುಸ್ತಕವನ್ನು ಪಂಚಾಯಿತಿ ಕಂಪ್ಯೂಟರಿನಲ್ಲಿ ಮಾತ್ರ ಇಡಬೇಡಿ. ಪಿಡಿಒ ವರ್ಗವಾದ ತಿಂಗಳಿಗೆ ಫೈಲು ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಊರಿನ ಗ್ರಂಥಾಲಯದಲ್ಲಿ ಒಂದು ಜೆರಾಕ್ಸ್ ಪ್ರತಿ ಇಡಿ. ನವೆಂಬರಿನಲ್ಲಿ ಮತ್ತೆ ಡ್ರಮ್ ಹಿಡಿದು ಹೊರಡುವಾಗ, ಯಾವ ಬೋರ್, ಯಾವ ಹೊತ್ತು ಅಂತ ನೋಡಲು ಅದು ಬೇಕಾಗುತ್ತದೆ.